ಗೋಪುರದ ತುದಿ

ಕೆಳಗಿನ ಮನೆಯ ಮಾಲೀಕರಾದ ಅಕ್ಕನವರಿಗೆ,

ಟಪಟಪ ಸದ್ದಿಗೆ ನೀವು ಬೈದದ್ದು ಸರಿಯೇ. ಅದು ನಮ್ಮವರು ಆಟಿಕೆ ಇಟ್ಟಿಗೆಗಳಲ್ಲಿ ಐಫೆಲ್ ಗೋಪುರ ಕಟ್ಟುವ ಸದ್ದು. ಕ್ರೇನ್ ಓಡಿಸುತ್ತಿದ್ದವರು, ಜೊತೆಗಾರ ಕಣ್ಣೆದುರೇ ಮೇಲಿಂದ ಬಿದ್ದು ಸತ್ತ ಮೇಲೆ ಹೊಸ್ತಿಲು ದಾಟಿಲ್ಲ. ಒಂದು ಕಟ್ಟಡ ಮುಗಿದರೆ ಇನ್ನೊಂದು ಡಬ್ಬ ತರಿಸುತ್ತಾರೆ, ಅಷ್ಟೆ.

ಇವತ್ತು ಗೋಪುರದ ತುದಿಯ ತುಂಡು ಕಾಣೆಯಾಗಿದೆ. ಸೋಫಾ ಮಗುಚಿ ಹುಡುಕಿದರು, ನನ್ನ ಮೇಲೂ ರೇಗಿದರು. "ಚಾಪೆ ಕೊಡವುವಾಗ ಕೆಳಗೆ ಬಿತ್ತೇನೋ" ಅಂದೆ. "ಹೋಗಿ ತಗೊಂಡು ಬಾ" ಅಂದರು. "ನಂಗೆ ಎಲ್ಲಾ ತುಂಡೂ ಒಂದೇ ಥರ ಕಾಣ್ಸುತ್ತೆ, ನೀವೇ ಹುಡುಕ್ಕೊಳ್ಳಿ" ಅಂದುಬಿಟ್ಟೆ. ಆಗಿನಿಂದ ಬಾಗಿಲವರೆಗೆ ಹೋಗುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ, ಮತ್ತೆ ಬಿಡುತ್ತಾರೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ತುಂಡು ಈ ಲಕೋಟೆಯಲ್ಲಿದೆ. ನಾನೇ ಇಳಿದು ಬಂದರೆ ಅನುಮಾನ ಬರುತ್ತದೆಂದು ಕೆಲಸದವಳ ಕೈಯಲ್ಲಿ ಕಳಿಸಿದ್ದೇನೆ. ಅದನ್ನು ಅಂಗಳದಲ್ಲಿ ಹಾಕಿಬಿಡಿ. ಅವರು ಇಳಿದು ಬಂದರೆ ಏನೂ ಕೇಳಬೇಡಿ, ದಿನಾ ನೋಡುವವರ ಹಾಗೆ ಸುಮ್ಮನಿದ್ದುಬಿಡಿ.

ಮೆಟ್ಟಿಲ ಬಳಿ ಮಾತ್ರ ಬೇಡ ಅಕ್ಕ. ಗೇಟಿನ ಹತ್ತಿರ ಹಾಕಿ, ಬೇಗ ಸಿಗದ ಹಾಗೆ.

ಇಂತಿ,
ನಿಮ್ಮ ತಲೆಯ ಮೇಲೆ ಸದ್ದು ಮಾಡುವ ಬಾಡಿಗೆಯವಳು