ಗಡಿ ಅಳಿಸಿದ ಮೇಲೆ

ಸೆಪ್ಟೆಂಬರ್ 7, 1940. ಸಂಜೆ

ಮೆಣಸಿನಕಾಯಿ ಸುಡುತ್ತಿದ್ದೆ. ಅರ್ಧ ಬುಟ್ಟಿ ಬಾಕಿ. ಚರ್ಚಿನ ಗಂಟೆ ಒಂದೇ ಸಮನೆ ಬಾರಿಸಿತು. ರೇಡಿಯೋದಲ್ಲಿ ಬಂತಂತೆ — ದಕ್ಷಿಣ ದೊಬ್ರುಜಾ ವಾಪಸ್ ನಮ್ಮದು. ಗುಡ್ಡದಾಚೆಯ ರೊಮೇನಿಯಾ ಇನ್ನು ಬಲ್ಗೇರಿಯಾ. ಊರೆಲ್ಲ ಕುಣಿಯಿತು. ನಾನು ಒಲೆಯ ಮುಂದಿನಿಂದ ಏಳಲಿಲ್ಲ.

ಆಚೆ ದೊನ್ಕಾ ಇದ್ದಾಳೆ. ಹಿಂದಿನ ಯುದ್ಧದಲ್ಲಿ ನಮ್ಮ ಸೈನ್ಯ ಅಲ್ಲಿದ್ದಾಗ ಇವರಿಗೂ ಅವಳಿಗೂ ಮದುವೆ ನಿಶ್ಚಯವಾಗಿತ್ತು. ಸೋತೆವು. ಗಡಿ ಮತ್ತೆ ಬಿತ್ತು. ಇವರು ನನ್ನನ್ನು ಕಟ್ಟಿಕೊಂಡರು. ಇಷ್ಟು ವರ್ಷ ನನ್ನ ಸಂಸಾರ ಕಾದದ್ದು ರೊಮೇನಿಯಾದ ಕಾವಲುಗಾರರು.

ಸೆಪ್ಟೆಂಬರ್ 9

ಇವರು ಮೇಷ್ಟ್ರಲ್ಲವೇ, ಇವತ್ತು ದೊಡ್ಡವರಿಗೂ ಪಾಠ. ಬೋರ್ಡಿನ ಮೇಲೆ ಸಿಮಿಯೋನ್ ದೊರೆಯ ಕಾಲ, ಮೂರು ಸಮುದ್ರ ಮುಟ್ಟುವ ಗೆರೆ. ಒರೆಸಿದರು — ಬೈಜಾಂಟಿಯಂ ನುಂಗಿತು. ಅಸೆನ್ ದೊರೆಗಳು ಮತ್ತೆ ಬೆಳೆಸಿದರು. ಒರೆಸಿದರು. ಐನೂರು ವರ್ಷ ತುರ್ಕರು, ಬೋರ್ಡು ಖಾಲಿ. ಆಮೇಲೆ ತುರ್ಕರು ಸೋತು ಸಾನ್ ಸ್ಟೆಫಾನೋ ಒಪ್ಪಂದ, ಅಷ್ಟಗಲ ದೇಶ. ನಾಲ್ಕೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ದೊಡ್ಡ ದೇಶಗಳ ಕತ್ತರಿ. 1885ರಲ್ಲಿ ದಕ್ಷಿಣದ ತುಂಡು ಸೇರಿತು. 1913ರಲ್ಲಿ ದೊಬ್ರುಜಾ ಹೋಯಿತು.

ಎಷ್ಟು ಒರೆಸಿದರೂ ಆಚೆಕಡೆಯ ಒಂದು ಚುಕ್ಕೆ ಮಾತ್ರ ಒರೆಸಲಿಲ್ಲ. ಅವಳ ಊರು. ಯಾರೂ ಗಮನಿಸಲಿಲ್ಲ, ನನ್ನನ್ನು ಬಿಟ್ಟು.

ಸೆಪ್ಟೆಂಬರ್ 26

ಆಚೆ ಹೋಗುವ ನಮ್ಮ ಸೈನ್ಯದ ಹಿಂದೆಯೇ ಇವರೂ ಹೊರಟರು. ಮೈಮೇಲೆ ಮದುವೆಯ ಕೋಟು — ನಮ್ಮ ಮದುವೆಯದು! ದಾರಿ ಸಲೀಸಾಗಲಿ ಅಂತ ಹೊಸ್ತಿಲಲ್ಲಿ ನೀರು ಚೆಲ್ಲಬೇಕಿತ್ತು. ಚೆಲ್ಲಲಿಲ್ಲ.

ಸೆಪ್ಟೆಂಬರ್ 29

ಬಂದರು. ಊಟ ಬೇಡ ಎಂದರು. ಅವಳ ಗೇಟಿನ ಮೇಲೆ ಸಾವಿನ ಚೀಟಿ, ನೆರೆಯವರು ಅಂಟಿಸಿದ್ದು, ಬಿಸಿಲಿಗೆ ಬಿಳಿಚಿಕೊಂಡಿತ್ತಂತೆ. ಸತ್ತು ಮೂರು ವರ್ಷ. ಮದುವೆಯೇ ಆಗಿರಲಿಲ್ಲವಂತೆ.

ನನಗೆ ಸಮಾಧಾನವಾಯಿತು. ನಾಚಿಕೆ ಬಿಟ್ಟೇ ಬರೆಯುತ್ತೇನೆ. ಆಮೇಲೆ ಇವರು ಗೋಡೆಗೆ ಮುಖ ಮಾಡಿ ಅತ್ತರು. ಹೆತ್ತಮ್ಮ ಸತ್ತಾಗಲೂ ಹೀಗೆ ಅತ್ತವರಲ್ಲ.

ನವೆಂಬರ್ 15

ನಾಳೆ ಸತ್ತವರ ಶನಿವಾರ. ಅವರ ಹೆಸರಿನಲ್ಲಿ ಹಂಚುವ ಗೋಧಿ ಬೇಯಲು ಇಟ್ಟಿದ್ದೆ. ಇವರು ಒಲೆಯ ಹತ್ತಿರ ಬಂದು ನಿಂತರು.

"ಇನ್ನೊಂದು ಹಿಡಿ ಹಾಕು, ಮಾರಿನ್ಕಾ. ಅವಳಿಗೆ ಅಂತ ಬೇಯ್ಸೋರು ಯಾರೂ ಇಲ್ಲ."

"ಅದಕ್ಕೆ ನಾನೇ ಆಗ್ಬೇಕಾ ರೀ?"

ಹಾಕಿದೆ. ಸಕ್ಕರೆ ಮಾತ್ರ ಹೆಚ್ಚು ಹಾಕಲಿಲ್ಲ.

ನವೆಂಬರ್ 16

ಸ್ಮಶಾನದಲ್ಲಿ ಗೋಧಿ ಹಂಚಿದೆ. ಯಾರ ಹೆಸರಿನಲ್ಲಿ ಅಂತ ಬಾಯಿಬಿಟ್ಟು ಹೇಳಿ ಕೊಡಬೇಕು. ಅತ್ತೆ, ಮಾವ... ಆಮೇಲೆ ದೊನ್ಕಾ. ಪಕ್ಕದ ಮನೆಯ ಕೇರಾ ಅಂಗೈಯೊಡ್ಡಿದವಳು ಹಾಗೇ ನಿಂತಳು.

"ಇದ್ಯಾರಮ್ಮ ದೊನ್ಕಾ? ನಿಮಗೇನಾಗ್ಬೇಕು?"

ಏನು ಹೇಳಲಿ? ಇವರೇ ಹೇಳಿಬಿಟ್ಟರು.

"ನಮ್ಮವಳೇ. ಆಚೆ ಉಳ್ಕೊಂಡಿದ್ಳು, ಅಷ್ಟೆ."

ಕೇರಾ ಗೋಧಿ ಬಾಯಿಗೆ ಹಾಕಿಕೊಂಡು, ದೇವರು ಅವಳನ್ನು ಕ್ಷಮಿಸಲಿ ಅಂದಳು. ಗಡಿ ಇದ್ದಾಗ ದೊನ್ಕಾ ಆ ಕಡೆ, ನಾನು ಈ ಕಡೆ. ಈಗ ನಮ್ಮ ಮನೆಯ ಸತ್ತವರ ಜೊತೆ ಸೇರಿಕೊಂಡಿದ್ದಾಳೆ. ವರ್ಷವರ್ಷ ಬೇಯಿಸಬೇಕು. ನಾಳೆ ನಾನು ಸತ್ತರೆ ಇವರು ನನಗೂ ಹಾಗೆ ಗೋಡೆಗೆ ಮುಖ ಮಾಡಿ ಅಳುತ್ತಾರಾ?