ಮೂರನೆಯ ಲಕೋಟೆ

ಇರಕಲ್ಲಗಡ
೩ ಮಾರ್ಚ್ ೧೯೪೬

ಚಿ. ಸೌ. ಗುರುಲಿಂಗಮ್ಮನಿಗೆ ನಿನ್ನ ಅಪ್ಪನ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು, ಅಳಿಯಂದಿರು, ಮಗು ಸೌಖ್ಯವಾಗಿದ್ದೀರೆಂದು ತಿಳಿದು ಸಮಾಧಾನವಾಯಿತು. ನಿನ್ನ ಎರಡು ಪತ್ರಗಳಿಗೂ ನಾನು ಉತ್ತರ ಬರೆಯಲಿಲ್ಲ. ನೀನು ಮುನಿಸಿಕೊಂಡದ್ದು ಸರಿಯೇ. ಬಂದ ಪತ್ರಕ್ಕೆ ಎರಡೇ ದಿನದಲ್ಲಿ ಉತ್ತರ ಹೋಗಬೇಕೆಂದು ಉಕ್ಕಿನ ಕಾರ್ಖಾನೆಯ ಗುಮಾಸ್ತರನ್ನೆಲ್ಲ ಮೂವತ್ತು ವರ್ಷ ಹುರಿದು ಮುಕ್ಕಿದವನು ನಾನು. ಅವರಲ್ಲಿ ಯಾರಾದರೂ ಈಗ ನನ್ನನ್ನು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಾರು.

ತಡವಾಗಲು ಕಾರಣ ನೀನು ಕೇಳಿದ ಕಾಗದಪತ್ರಗಳೇ. ಕಾರ್ಖಾನೆಯವರು ಹೊಸ ಗ್ರಂಥಾಲಯ ಕಟ್ಟಿಸಿದ್ದಾರೆ, ಹಳೆಯ ಅಧಿಕಾರಿಗಳ ಖಾಸಗಿ ಪತ್ರ, ಕಚೇರಿ ಪತ್ರ ಎಲ್ಲವನ್ನೂ ಅಲ್ಲಿಡುತ್ತಾರೆ, ನಿಮ್ಮವನ್ನೂ ವಿಂಗಡಿಸಿ ಕಳಿಸಿ ಎಂದು ಬರೆದಿದ್ದೆಯಲ್ಲ. ಸುಳ್ಳೇಕೆ ಹೇಳಲಿ, ಓದಿ ಉಬ್ಬಿಹೋದೆ. ನಿವೃತ್ತನಾಗಿ ಬರುವಾಗ ಏಳು ಟ್ರಂಕು ತಂದಿದ್ದೆ. ಕೊಪ್ಪಳ ಸ್ಟೇಶನ್ನಿನಿಂದ ಎರಡು ಚಕ್ಕಡಿಯಲ್ಲಿ ಹೇರಿಕೊಂಡು ಬಂದಾಗ ನಿನ್ನ ದೊಡ್ಡವ್ವ ಉಡಚಮ್ಮ ಸೀರೆ, ಪಾತ್ರೆ ಬಂದವೆಂದುಕೊಂಡಿದ್ದಳಂತೆ. ಮುಚ್ಚಳ ತೆಗೆದವಳೇ, "ಯವ್ವಾ, ಇಷ್ಟೂ ಬರೇ ಕಾಗದೇನ್ರಿ? ಉಣ್ಣಾಕ ಬರಂಗಿಲ್ಲ, ಉಡಾಕ ಬರಂಗಿಲ್ಲ!" ಎಂದಳು.

ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತೆ. ಕುಲುಮೆಯ ದಿನಚರಿಗಳು, ಅದಿರಿನ ವರದಿಗಳು, ಮುಷ್ಕರದ ವರ್ಷದ ಗುಟ್ಟಿನ ಪತ್ರಗಳು, ಸಾಹೇಬರ ಮನೆಯ ಚಹಾಕೂಟದ ಆಮಂತ್ರಣಗಳು. ಒಂದು ಕೋಟಿನ ತೋಳು ಗಿಡ್ಡವಾಯಿತೆಂದು ದರ್ಜಿಯ ಜೊತೆ ನಾನು ನಡೆಸಿದ ಹನ್ನೊಂದು ಪತ್ರಗಳ ಯುದ್ಧವೂ ಇದೆ. ಎಂಥ ಮನುಷ್ಯನಪ್ಪ ಇವನು ಎಂದು ನನಗೇ ಅನಿಸಿತು. ನಿನ್ನ ಅವ್ವ ಬಾಣಂತನಕ್ಕೆ ತವರಿಗೆ ಹೋದಾಗ ಬರೆದ ಒಂದೇ ಒಂದು ಕಾಗದ ಸಿಕ್ಕಿತು. "ಹಾಲಿನವನು ನೀರು ಬೆರೆಸುತ್ತಾನೆ, ನೋಡಿ ತೆಗೆದುಕೊಳ್ಳಿರಿ" ಎಂದಷ್ಟೇ ಇದೆ. ಅವಳು ಹೋಗಿ ಒಂಬತ್ತು ವರ್ಷವಾಯಿತು. ಅದನ್ನು ಮಾತ್ರ ಯಾವ ಗ್ರಂಥಾಲಯಕ್ಕೂ ಕೊಡಲಾರೆ.

ನಾನು ಹೀಗೆ ಕಾಗದ ಹರಡಿಕೊಂಡು ಕುಳಿತಾಗ ಅಣ್ಣ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ನಿನ್ನ ದೊಡ್ಡಪ್ಪನಿಗೂ ನನಗೂ ಮಾತು ನಿಂತದ್ದು ನಮ್ಮ ಅವ್ವ, ಅಂದರೆ ನಿನ್ನ ಅಜ್ಜಿ, ತೀರಿಕೊಂಡ ವರ್ಷ ಎಂಬುದು ನಿನಗೆ ಗೊತ್ತು. ಯಾಕೆಂದು ನೀನು ಕೇಳಿದಾಗಲೆಲ್ಲ ನಾನು ಮಾತು ಹಾರಿಸಿದ್ದೇನೆ. ಅವ್ವ ಹೋದ ಸುದ್ದಿಯನ್ನು ಅಣ್ಣ ನನಗೆ ತಿಳಿಸಲೇ ಇಲ್ಲ. ನಮ್ಮ ಸೀಮೆಯ ಮರಳಿ ಎಂಬ ಹಳ್ಳಿಯಿಂದ ಕೆಲಸ ಕೇಳಿಕೊಂಡು ಬಂದ ಒಬ್ಬನ ಬಾಯಿಂದ, ಎರಡು ತಿಂಗಳ ಮೇಲೆ ಗೊತ್ತಾಯಿತು. ಎದ್ದು ಬಿದ್ದು ಓಡಿ ಬಂದರೆ, "ಬಂದ್ರ್ಯಾ? ಕುಂದರ್ರಿ" ಎಂದ. ಒಡಹುಟ್ಟಿದ ಅಣ್ಣ ತಮ್ಮನಿಗೆ ರೀ ಹಚ್ಚಿದ! ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಮೇಲಾಗಿತ್ತು. ಅಂದಿನಿಂದ ಹತ್ತು ವರ್ಷ ಅದೇ ರೀ. ಹೋದ ವರ್ಷ ಊರಿಗೆ ಮರಳಿ ನನ್ನ ಪಾಲಿನ ಎರಡು ಖೋಲಿಯಲ್ಲಿ ಇಳಿದ ಮೇಲೂ ಅದೇ.

ಕಳೆದ ಸೋಮವಾರ ಐದನೆಯ ಟ್ರಂಕಿನಲ್ಲಿ ನನ್ನದೇ ಸಹಿಯ ಒಂದು ಕಚೇರಿ ಹುಕುಮು ಸಿಕ್ಕಿತು. ೧೯೩೫ರ ಜೂನ್ ತಿಂಗಳಿನದು. ಆಗ ಕೆಲಸ ಬೇಡಿ ನೂರಾರು ಜನ ಬೇರಂಗ್ ಕಾಗದ ಹಾಕುತ್ತಿದ್ದರು. ಟಿಕೀಟು ಹಚ್ಚದೆ ಕಳಿಸುವುದು, ಪಡೆಯುವವನೇ ದಂಡ ತೆತ್ತು ಬಿಡಿಸಿಕೊಳ್ಳುವುದು. ನಾನು ರೋಸಿಹೋಗಿ ಬರೆದಿದ್ದೆ: "ಬೇರಂಗ್ ಬಂದ ಯಾವ ಪತ್ರವನ್ನೂ, ಅದು ಯಾವ ಅಧಿಕಾರಿಯ ಹೆಸರಿಗೇ ಇರಲಿ, ಪಡೆಯತಕ್ಕದ್ದಲ್ಲ. ಕೂಡಲೆ ಹಿಂದಿರುಗಿಸತಕ್ಕದ್ದು." ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬರೆದಿದ್ದೆ ಎಂಬ ಹೆಮ್ಮೆ ಇನ್ನೂ ಹೋಗಿರಲಿಲ್ಲ ನೋಡು. ಅಷ್ಟರಲ್ಲಿ ಜಿಲಾನಸಾಬ ಬಂದ. ಮೂವತ್ತು ವರ್ಷ ಈ ಊರಿಗೆ ಟಪಾಲು ಹೊತ್ತ ಮುದುಕ. ಅವನಿಗೂ ಇದು ಅರ್ಥವಾಗುವ ವಿಷಯವೆಂದು ಕನ್ನಡ ಮಾಡಿ ಓದಿ ಹೇಳಿದೆ.

ಅವನು ನಗಲಿಲ್ಲ. "ಹಂಗಾದ್ರ ನಿಮ್ಮಣ್ಣ ದೊಡ್ಡಬಸಣ್ಣನ ಕಾಗದ ತಿರುಗಿ ಬಂದಿದ್ದು ಇದಕ್ಕೇನ್ರಿ ಸಾಹೇಬ್ರ? ನಾನ ತಂದು ಕೊಟ್ಟೀನಿ. ಒಂದಲ್ಲ, ನಾಕು!"

"ಯಾವ ಕಾಗದ? ಅಣ್ಣ ಟಿಕೀಟು ಹಚ್ಚಿರಲಿಲ್ಲವೇ?" ಎಂದೆ.

"ಹಚ್ಚಿದ್ದನ್ರಿ. ನಮ್ಮ ನಿಜಾಮ ಸರಕಾರದ್ದು ಹಚ್ಚಿದ್ದ. ಅದು ಬ್ರಿಟಿಷ್ ಸೀಮ್ಯಾಗ ನಡಿಯಂಗಿಲ್ಲ. ಸಾಲಿ ಹನುಮಣ್ಣ ಮಾಸ್ತರ ಇದ್ದಾಗ ನಿಮ್ಮ ಮನಿ ಕಾಗದ ಅವರ ಬರದು, ಅವರ ಕೊಪ್ಪಳ ಸ್ಟೇಶನ್ನಿಗೆ ಹೋಗಿ ಬ್ರಿಟಿಷ್ ಸರಕಾರದ ಟಿಕೀಟು ಹಚ್ಚಿ ರೈಲಿನ ಡಬ್ಬಿಗೆ ಹಾಕಿ ಬರತಿದ್ರು. ಅವರು ಹೋದ ಮ್ಯಾಲೆ ಇಲ್ಲಿ ಯಾರಿಗೆ ತಿಳೀತೈತ್ರಿ? ನನಗ ಗೊತ್ತಾಗೂದ್ರಾಗ ನಿಮ್ಮವ್ವನೂ ಹೋಗಿಬಿಟ್ಟಿದ್ಲು."

ಕಟ್ಟೆಯ ಮೇಲೆ ಹಗ್ಗ ಹೊಸೆಯುವ ಸದ್ದು ನಿಂತಿತು. ಅಣ್ಣ ಎದ್ದು ಒಳಗೆ ಹೋದ. ಹೊಲದ ಕಾಗದ ಇಡುವ ತಗಡಿನ ಡಬ್ಬಿ ತಂದು ನಾಲ್ಕು ಲಕೋಟೆಗಳನ್ನು ನನ್ನ ಮುಂದೆ ಇಟ್ಟ. ಒಂದನ್ನೂ ಒಡೆದಿರಲಿಲ್ಲ. ಇಂಗ್ಲಿಷ್ ಬಾರದ ಅಣ್ಣ ನನ್ನ ಹಳೆಯ ಲಕೋಟೆಯೊಂದನ್ನು ಎದುರಿಗಿಟ್ಟುಕೊಂಡು, ರಂಗೋಲಿ ಹಾಕಿದ ಹಾಗೆ ಒಂದೊಂದೇ ಅಕ್ಷರ ತಿದ್ದಿ ನನ್ನ ವಿಳಾಸ ಬರೆದಿದ್ದ. ಅದರ ಮೇಲೆ ಅಡ್ಡಕ್ಕೆ, ಕೆಂಪು ಶಾಯಿಯಲ್ಲಿ, ಪಡೆಯಲು ಒಪ್ಪಲಿಲ್ಲ ಎಂಬ ಷರಾ.

"ಇದನ್ನ ಜಿಲಾನನ ಕಡಿಂದ ಓದಿಸಿದೆ. ನೀವ ಬ್ಯಾಡಂದ್ರಿ ಅಂತ ತಿಳದೆ," ಎಂದ ಅಣ್ಣ. "ಸಾಹೇಬ ಆದಾನ, ನಮ್ಮ ಕಾಗದ ಯಾಕ ಮುಟ್ಟತಾನ ಅಂತ, ಅವ್ವ ಹೋದಾಗ ಬರೀಲಿಲ್ಲ."

ನಾನು ಹುಕುಮನ್ನು ತೋರಿಸಿ ಮತ್ತೊಮ್ಮೆ ಬಿಡಿಸಿ ಹೇಳಿದೆ. ಯಾರ ಹೆಸರಿನದಾದರೂ ಗುಮಾಸ್ತನೇ ಹಿಂದಕ್ಕೆ ಕಳಿಸುತ್ತಿದ್ದ ಎಂದೆ. ಅಣ್ಣ ಆ ಹಾಳೆಯನ್ನು ಕೈಗೆತ್ತಿಕೊಂಡ.

"ಅಂದ್ರ ನಿನಗ ಗೊತ್ತಿದ್ದಿಲ್ಲ?"

ಹತ್ತು ವರ್ಷದ ಮೇಲೆ ನನಗೆ 'ನಿನಗ' ಎಂದ ಗುರವ್ವಾ.

"ಇಲ್ಲಣ್ಣ," ಎಂದೆ.

ಎಪ್ಪತ್ತರ ಮುದುಕ ನನ್ನ ಎರಡೂ ಕೈ ಹಿಡಿದುಕೊಂಡು, ಜಿಲಾನಸಾಬನೂ ಉಡಚಮ್ಮನೂ ನೋಡುತ್ತಿದ್ದಂತೆ, ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ.

ಆಮೇಲೆ ಕಾಗದಗಳನ್ನು ಒಡೆದು ನಾನೇ ಗಟ್ಟಿಯಾಗಿ ಓದಿದೆ. ಮೊದಲನೆಯದರಲ್ಲಿ ಅವ್ವ ಹಿತ್ತಲಲ್ಲಿ ಜಾರಿ ಬಿದ್ದ ಸುದ್ದಿ. ಎರಡನೆಯದರಲ್ಲಿ ಗಂಜಿಯೂ ಸೇರುವುದಿಲ್ಲವೆಂದು. ಮೂರನೆಯದನ್ನು ಅವ್ವನೇ ಹೇಳಿ ಬರೆಸಿದ್ದಾಳೆ: "ಕೊಟ್ರಾ, ನಾ ಇನ್ನ ಭಾಳ ದಿನ ಇರಂಗಿಲ್ಲಪ. ನಿನ್ನ ಕೈಲೆ ಒಂದ ಗುಟುಕು ನೀರು ಕುಡದು ಹೊಕ್ಕೀನಿ. ಈ ಕಾಗದ ಮುಟ್ಟಿದ ಕೂಡ್ಲೆ ಬಾ." ನಾಲ್ಕನೆಯದು ಅಣ್ಣನ ಎರಡೇ ಸಾಲು: "ಮಾತು ನಿಂತಾವ. ಬಾಗಲ ಕಡೆ ನೋಡತಾಳ."

ಅಂದು ಮಧ್ಯಾಹ್ನ ಉಡಚಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿ ನಮ್ಮಿಬ್ಬರನ್ನೂ ಜೊತೆಗೆ ಕೂರಿಸಿ ಬಡಿಸಿದಳು. ಅಣ್ಣ ತನ್ನ ತಾಟಿನಿಂದ ಬೆಣ್ಣೆಯನ್ನು ತೆಗೆದು ನನ್ನ ರೊಟ್ಟಿಯ ಮೇಲೆ ಇಟ್ಟ. ಚಿಕ್ಕಂದಿನಲ್ಲಿ ಹಾಗೆ ಮಾಡುತ್ತಿದ್ದ.

ಇರಲಿ. ಆರು ಟ್ರಂಕುಗಳನ್ನು ಮುಂದಿನ ವಾರ ಗೂಡ್ಸ್ ಗಾಡಿಗೆ ಹಾಕಿಸುತ್ತೇನೆ, ಅಳಿಯಂದಿರು ಬಿಡಿಸಿಕೊಳ್ಳಲಿ. ಆ ಹುಕುಮಿನ ಪ್ರತಿಯೂ ಅದರಲ್ಲಿರುತ್ತದೆ. ನಿನ್ನ ಅವ್ವನ ಆ ಕಾಗದವಿರುವ ಏಳನೆಯದು ಇಲ್ಲೇ ಉಳಿಯುತ್ತದೆ. ಮಗುವಿಗೆ ಬಿಸಿಲಲ್ಲಿ ಟೊಪ್ಪಿಗೆ ಇಲ್ಲದೆ ಆಡಲು ಬಿಡಬೇಡ. ನಿಮ್ಮ ಮನೆಯಲ್ಲಿ ಅನ್ನಕ್ಕೂ ನಗುವಿಗೂ ಎಂದೂ ಕೊರತೆ ಬಾರದಿರಲಿ ಎಂದು ಹರಸುವ,

ನಿನ್ನ ಅಪ್ಪ
ಕೊಟ್ರಬಸಪ್ಪ

ತಾ.ಕ.: ಈ ಕೊನೆಯ ಹಾಳೆಯನ್ನು ಅಳಿಯಂದಿರಿಗೆ ತೋರಿಸಬೇಡ. ಓದಿ ಹರಿದುಬಿಡು.

ಮೂರನೆಯ ಲಕೋಟೆಯನ್ನು ಟಪಾಲು ಗುಮಾಸ್ತ ಹಿಂದಿರುಗಿಸುವ ಮೊದಲು ನನ್ನ ಕೋಣೆಗೆ ತಂದಿದ್ದ. "ನಿಮ್ಮ ಊರಿನದಿರಬಹುದು ಸರ್, ಬಿಡಿಸಿಕೊಳ್ಳಲೇ?" ಎಂದು ಕೇಳಿದ. ಎದುರಿಗೆ ಜನರಲ್ ಮ್ಯಾನೇಜರ್ ಸಾಹೇಬ ಕೂತಿದ್ದ. ಆ ವಿಳಾಸದ ಅಕ್ಷರ ನೋಡಿದ ಕೂಡಲೆ ಅಣ್ಣನದೆಂದು ಗೊತ್ತಾಯಿತು. ಬೇರೆ ಯಾರೂ ಹಾಗೆ ಬರೆಯಲು ಸಾಧ್ಯವಿಲ್ಲ. ನನ್ನ ಮನೆಯವರೂ ಪುಕ್ಕಟೆ ಕಾಗದ ಹಾಕುವವರಾದರಲ್ಲ ಎಂದು ಸಾಹೇಬನ ಮುಂದೆ ಮಾನ ಹೋದಂತಾಯಿತು. "ಹುಕುಮು ನನಗೂ ಒಂದೇ. ಕಳಿಸಿಬಿಡು," ಎಂದೆ. ಸಾಹೇಬ ಮೆಚ್ಚಿ ತಲೆದೂಗಿದ. ಲಕೋಟೆಯನ್ನು ಹಿಂದಿರುಗಿಸಿದ ಮುದ್ರೆಯ ತಾರೀಖು ಈಗ ನೋಡಿದೆ. ಅದಾದ ಮೇಲೆ ಅವ್ವ ಹದಿನಾರು ದಿನ ಬದುಕಿದ್ದಳು. ಕಾರ್ಖಾನೆಯಿಂದ ಊರಿಗೆ ಮೂರೇ ದಿನದ ದಾರಿ.

ಸೋಮವಾರದಿಂದ ಎಷ್ಟೋ ಸಲ ಅಣ್ಣನ ಎದುರು ಹೋಗಿ ನಿಂತೆ. ಇದನ್ನು ಹೇಳದೆಯೇ ತಿರುಗಿ ಬಂದೆ. ಇಷ್ಟು ವರ್ಷ ಯಾರ್ಯಾರ ಮುಂದೆ ನನ್ನನ್ನು ಬೈದಿದ್ದನೋ, ಆ ಮನೆಗಳಿಗೆಲ್ಲ ಕೋಲೂರಿಕೊಂಡು ಹೋಗಿ ಒಂದೊಂದು ಬಾಗಿಲಲ್ಲೂ ನಿಂತು ಹೇಳುತ್ತಿದ್ದಾನೆ: "ತಪ್ಪು ನಂದೈತ್ರಿ. ಟಿಕೀಟು ನಾನ ತಪ್ಪಿ ಹಚ್ಚಿದ್ದೆ. ನಮ್ಮ ತಮ್ಮಗ ಏನೂ ಗೊತ್ತಿದ್ದಿಲ್ಲ."