ಅಪ್ಪನ ಮಾತ್ರೆ ಡೈರಿ

ಅಕ್ಕಾ,

ಸ್ಕ್ಯಾನ್ ಬಂತು. ಕರುಳಿನಿಂದ ಅಪ್ಪನ ಲಿವರಿಗೆ ಹಬ್ಬಿದ್ದ ಗಡ್ಡೆಗಳು ಅರ್ಧಕ್ಕರ್ಧ ಕುಗ್ಗಿವೆ. ಹೊಸ ಔಷಧಿಯ ಪ್ರಯೋಗ ಮುಂದುವರಿಯುತ್ತದೆ. ಆ ಗಂಟುಮುಖದ ಡಾಕ್ಟರೇ ನಕ್ಕರು ಕಣೇ, ಹಲ್ಲು ಎಣಿಸಿಕೊಂಡು ಬಂದೆ.

ಆದರೆ ನಮ್ಮ ನಿವೃತ್ತ ಮೇಷ್ಟ್ರು ಅಪ್ಪ, ಹಾಜರಿ ಹಾಕಿದಂತೆ ಮಾತ್ರೆ ಡೈರಿಯನ್ನು ಇಡೀ ವಾರಕ್ಕೆ ಮೊದಲೇ ತುಂಬಿ ಸಿಕ್ಕಿಬಿದ್ದರು. ನರ್ಸಮ್ಮ ಹೇಳಿದ್ದು (ಮೂಗಿನಲ್ಲೇ ಓದಿಕೋ): "ಮೇಷ್ಟ್ರೇ, ನುಂಗಿದ್ಮೇಲೆ ಬರೀರಿ. ಇನ್ನೊಂದ್ಸಲ ಹೀಗ್ಮಾಡಿದ್ರೆ ಪ್ರಯೋಗದಿಂದ ತೆಗೀತಾರೆ."

ನಾನು ಕೆಲಸಕ್ಕೆ ಹೊರಟೆ. ರಾತ್ರಿ ಎಂಟಕ್ಕೆ ಊಟ ಹಾಕು, ಮಾತ್ರೆ ನುಂಗಿಸು, ಬಾಯಿ ತೆರೆಸಿ ನೋಡು, ಆಮೇಲೆ ಪೆನ್ನು ಕೊಡು. ಪೆನ್ನನ್ನು ಸಕ್ಕರೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ.

ಅಷ್ಟರಲ್ಲೇ ಎಲ್ಲಿಂದಲೋ ಪೆನ್ಸಿಲ್ ಹುಡುಕಿ, ಡೈರಿಯ ಕೊನೆಯ ಪುಟದಲ್ಲಿ ಮುಂದಿನ ವರ್ಷದ ನಿನ್ನ ಹುಟ್ಟುಹಬ್ಬದ ತಾರೀಕು ಹಾಕಿ 'ನುಂಗಿದೆ, ಆರಾಮ' ಎಂದು ಬರೆದಿಟ್ಟಿದ್ದಾರೆ. ಅಳಿಸಲು ನನಗೆ ಕೈ ಬರಲಿಲ್ಲ. ರಬ್ಬರ್ ಡೈರಿಯ ಮೇಲಿದೆ, ನಿನಗೆ ಬಂದರೆ ಅಳಿಸು.

ತಮ್ಮ